ನಾಲ್ಕನೆಯ ತಿರುಪು

ಮೆಂದೋಸಾ. ಬೆಳಗ್ಗೆ ಏಳಕ್ಕೇ ಕಾದ ಸಿಮೆಂಟು,
ಗೇಟಿನಾಚೆ ಟವೆಲ್ಲು ಹೊದ್ದ ಮಕ್ಕಳ ಗುಲ್ಲು.
ಪಂಪು ಆರಿಸಿ, ಉಸಿರು ಕಟ್ಟಿ,
ಎವಾರಿಸ್ತೋ ಅಂಗಿ ಸಮೇತ ಕೊಳದ ತಳಕ್ಕಿಳಿದ.
ಜಾಲರಿಯ ಅಂಚಿಗೆ ಹೆಬ್ಬೆರಳಾಡಿಸಿದ:
ಒಂದು, ಎರಡು, ಮೂರು.
ನಾಲ್ಕನೆಯದಿಲ್ಲ.

ಮೇಲೆದ್ದವನೇ ಬೋರ್ಡು ತಿರುಗಿಸಿದ:
ಇವತ್ತು ಈಜಿಲ್ಲ.

‘ಒಂದು ತಿರುಪಿಗಾ?’
ಗೇಟಿನ ಸರಳಿಗೆ ಮೂಗೊತ್ತಿ ಕೇಳಿದಳು ಸೊಲೆದಾದ್,
ಸೊಂಟದುದ್ದ ಜಡೆಯವಳು.

ಅವನು ಒದ್ದೆ ಅಂಗಿ ಎತ್ತಿದ.
ಬೆನ್ನ ಮೇಲೆ ತಟ್ಟೆಯಗಲದ ಕಂದು ಬಳೆ,
ನಲವತ್ತು ಬೇಸಿಗೆ ತೊಳೆದರೂ ಮಾಸದ್ದು.

‘ನೀರು ತೇಲಿಸುತ್ತೆ, ನಿನಗೆ ಗೊತ್ತು.
ಹೀರುತ್ತೆ, ಅದು ಗೊತ್ತಿಲ್ಲ.
ಮೂವರು ಗಂಡಸರು ಜಗ್ಗಿದರು ನನ್ನನ್ನು;
ಬಿಟ್ಟದ್ದು ಪಂಪು ನಿಂತ ಮೇಲೆ.’

ಅವಳು ಏನೂ ಅನ್ನಲಿಲ್ಲ.
ಜಡೆ ಸುತ್ತಿ ಸುತ್ತಿ
ತುರುಬು ಕಟ್ಟಿಕೊಂಡಳು,
ನಿಂತಿದ್ದ ಒಣ ನೆಲದಲ್ಲೇ.