ಇಲ್ಲೇ ಹತ್ತಿರ

ನನ್ನದು ಲಗೇಜ್ ಆಟೊ. ದೂರವೆಂದರೆ ನನಗೆ ಡೀಸೆಲ್ಲು.
ಗಾಂಧಿ ಬಜಾರಿನಿಂದ ವಿನೋಬನಗರಕ್ಕೆ ಎರಡು ಮೂಟೆ ಈರುಳ್ಳಿ
ಅಂದರೆ ಸಾಕು, ನಿಂತಲ್ಲೇ ಬಾಡಿಗೆ ಹೇಳುತ್ತೇನೆ.
ಆದರೆ ಕವಲೇದುರ್ಗದ ಬುಡದಲ್ಲಿ
ಸೌತೆಕಾಯಿ ಸೀಳುತ್ತಿದ್ದ ಹೆಂಗಸು
ಚಾಕುವಿನ ತುದಿಯಲ್ಲಿ ಕಾಡು ತೋರಿಸಿ
‘ಇಲ್ಲೇ ಹತ್ತಿರ ಮಾರಾಯ್ರೆ, ಸಣ್ಣ ಮಕ್ಳೂ ಹತ್ತುತ್ವೆ’
ಅಂದಾಗ, ಆ ‘ಇಲ್ಲೇ’ ಎಷ್ಟುದ್ದ ಅಂತ
ಕೇಳಲು ಮರೆತೆ.

ದೀಪಾವಳಿ ಕಳೆದ ಭಾನುವಾರ. ಭತ್ತ ಬಾಗಿತ್ತು.
ಗದ್ದೆಯಂಚಿನ ಮೇಲೆ ನಾವು ನಾಲ್ವರು:
ಮುಂದೆ ಧನುಷ್, ಏಳು ವರ್ಷ, ಸಿಕ್ಕ ಕೋಲೇ ಕತ್ತಿ;
ಹಿಂದೆ ವಿನೋದಾ, ಚಿತ್ರಾನ್ನದ ಚೀಲ;
ನನ್ನ ಬೆರಳಿಗೆ ನಾಲ್ಕರ ಇಬ್ಬನಿ,
ಹಬ್ಬದ ಹೊಸ ಚಪ್ಪಲಿ ಕೆಸರಾದೀತೆಂದು
ಎದೆಗೊತ್ತಿಕೊಂಡು, ಬರಿಗಾಲಲ್ಲಿ.

ಮೊದಲ ಬಾಗಿಲವರೆಗೆ ಅವಳು ನಡೆದಳು ಎನ್ನಲಾರೆ.
ಹಾಸುಗಲ್ಲಿನ ಸಂದಿಯ ಮುಟ್ಟಿದರೆ ಮುನಿಯನ್ನು
ಒಂದೊಂದೇ ಎಲೆಯಾಗಿ ಮಲಗಿಸಿದಳು.
ಎಲ್ಲ ಎದ್ದ ಮೇಲೇ ಹೋಗೋಣ ಎಂದಳು.
ಕಾದೆವು.
ಲೋಡು ಇಳಿಸುವುದಕ್ಕೆ ಬಿಟ್ಟರೆ
ಯಾವುದಕ್ಕೂ ಅಷ್ಟು ಕಾದವನಲ್ಲ ನಾನು.
ಆಮೇಲೆ ಒಂದು ಜೇಡ. ಯಾರದೋ ಬಳೆಚೂರು.
ಇರುವೆಗಳು ಹೊತ್ತೊಯ್ಯುತ್ತಿದ್ದ ಚಿಟ್ಟೆಯ ಅರ್ಧ ರೆಕ್ಕೆ.
ಉಳಿದರ್ಧ ಎಲ್ಲಿ, ಕೇಳಿದಳು.
ಗೊತ್ತಿಲ್ಲ ಎಂದೆ. ಅವತ್ತು ಅದನ್ನೇ ಎಷ್ಟು ಸಲ ಎಂದೆನೋ.

ಎರಡನೇ ಬಾಗಿಲಲ್ಲಿ,
ಕಾವಲಿನವರು ಕೂರುತ್ತಿದ್ದ ಕಟ್ಟೆಯ ಮೇಲೆ ಕೂತು
ಎರಡೂ ಕೈ ಚಾಚಿದಳು: ‘ಎತ್ಕೊ.’
ಕೋಟೆ ಕಟ್ಟಿದವರು ಬಲು ಬುದ್ಧಿವಂತರು.
ಆನೆ ಬಂದರೆ, ಕುದುರೆ ಬಂದರೆ, ಬೆಂಕಿ ಬಂದರೆ,
ಎಲ್ಲದಕ್ಕೂ ಒಂದೊಂದು ತಿರುವು ಇಟ್ಟಿದ್ದಾರೆ.
ಈ ಒಂದು ಶಬ್ದ ಮಾತ್ರ ಅವರಿಗೆ ಹೊಳೆದಿಲ್ಲ.

ಇಳಿಯುತ್ತಿದ್ದ ಭದ್ರಾವತಿಯ ಹುಡುಗರು
‘ಹತ್ತು ನಿಮಿಷ ಅಂಕಲ್’ ಎಂದರು.
ಅರ್ಧ ಗಂಟೆ ಏರಿದ ಮೇಲೆ ಸಿಕ್ಕ ಮೇಷ್ಟ್ರೊಬ್ಬರು
ಕನ್ನಡಕ ಒರೆಸುತ್ತ, ‘ಹತ್ತೇ ನಿಮಿಷ.’
ಈ ಗುಡ್ಡದಲ್ಲಿ ಹತ್ತು ಸವೆಯುವುದಿಲ್ಲ.

ಐವತ್ತು ಕಿಲೋ ಅಕ್ಕಿಮೂಟೆ ಹೊತ್ತು ಪಳಗಿದ ಬೆನ್ನು,
ಇವಳು ಹದಿನಾಲ್ಕು.
ಆದರೆ ಮೂಟೆ ಕಿವಿ ಹಿಡಿದು ಎಡಕ್ಕೆ ತಿರುಗು ಅನ್ನುವುದಿಲ್ಲ,
ಬೆವೆತ ಕುತ್ತಿಗೆಗೆ ಕೆನ್ನೆಯಿಟ್ಟು
‘ಅಪ್ಪಾ, ನಿಂಗ್ಯಾರೂ ಎತ್ಕೊಳಲ್ವಾ?’
ಎಂದು ಕೇಳುವುದಿಲ್ಲ.

ತುದಿಗೆ ಹೋದವರು ತಾಯಿ ಮಗ.
ಮೇಲಿನ ಬಂಡೆಯಿಂದ ಧನುಷ್ ಕೋಲು ಬೀಸಿದ,
ಕೂಗಿದ್ದು ಕೇಳಲಿಲ್ಲ.
ನಾವಿಬ್ಬರು ಮುರಿದ ಅರಮನೆಯಲ್ಲೇ ಉಳಿದೆವು.
ಒಲೆಯಂತೆ ಕೊರೆದ ಕಲ್ಲಿನ ಮೇಲೆ
ಅವಳು ಹುಲ್ಲು ಬೇಯಿಸಿದಳು,
ಒಂದು ಚಪ್ಪಲಿ ಸೌಟು, ಇನ್ನೊಂದು ಮುಚ್ಚಳ.
ಉಪ್ಪು ಕಮ್ಮಿ ಎಂದೆ. ಮಣ್ಣು ಹಾಕಿದಳು.
ಈಗ ಸರಿ ಎಂದೆ.
ಎದುರು ಎಲ್ಲೋ ಒಂದು ಹೊಳೆ ಹೊಳೆಯಿತು, ವಾರಾಹಿಯ ನೀರಿರಬೇಕು;
ತೋರಿಸಿದೆ, ಅವಳು ತಿರುಗಲಿಲ್ಲ,
ಅನ್ನ ಸೀಯುತ್ತಿತ್ತು.

ಇಳಿಯುವಾಗ ತಾನೇ ನಡೆದಳು, ಯಾರ ಕೈಯೂ ಬೇಡ.
ತಿರುವಿನಲ್ಲಿ ಗಂಡ ಹೆಂಡತಿ,
ಗಂಡನ ಎದೆಗೆ ಕಟ್ಟಿದ ಕೂಸು, ಬಾಯಲ್ಲಿ ಉಸಿರು.
‘ಇನ್ನೂ ಎಷ್ಟಿದೆ ಸಾರ್?’
ನಿಜ ಹೇಳಲೋ, ಅವರನ್ನು ಮೇಲೆ ಕಳಿಸಲೋ,
ನಾನು ಲೆಕ್ಕ ಹಾಕುವಷ್ಟರಲ್ಲಿ
ಇಬ್ಬನಿ ಅವರ ಮುಂದೆ ನಿಂತು ಎಂದಳು:
‘ಇಲ್ಲೇ. ಹತ್ತು.’

ಅವಳ ಎಣಿಕೆ ಮುಗಿಯುವುದೇ ಅಲ್ಲಿ.
ಹತ್ತಾದ ಮೇಲೆ ಅವಳಿಗೆ
ನಿದ್ದೆ, ಇಲ್ಲವೇ ಮತ್ತೆ ಒಂದು.
ಅವರು ಅದನ್ನು ಲೆಕ್ಕವೆಂದು ಕೇಳಿಸಿಕೊಂಡರೋ
ಅಪ್ಪಣೆಯೆಂದೋ, ತಿಳಿಯದು.
ನಕ್ಕರು. ಹತ್ತಿದರು.

ಕೆಳಗೆ ಸೌತೆಕಾಯಿಗೆ ಖಾರ ಉಜ್ಜಿಸಿಕೊಂಡು ಕೂತಾಗ
ವಿನೋದಾ ಕಾಲು ನೋಡಿದಳು, ಕೈ ನೋಡಿದಳು.
ಒಂದೇ ಚಪ್ಪಲಿ.
ಮುಚ್ಚಳ ಅಲ್ಲೇ ಒಲೆಯ ಮೇಲಿದೆ, ಎಂದಳು ಮಗಳು,
ಅನ್ನ ಆರಬಾರದಲ್ವಾ.

ಲುಂಗಿ ಎತ್ತಿ ಕಟ್ಟಿದೆ.
ಬಿಸಿಲಿನ್ನೂ ಇತ್ತು.
‘ಅಷ್ಟು ದೂರ ಮತ್ತೆ ಹೋಗ್ತೀರಾ?’
ಎಲ್ಲಿಯ ದೂರ ಮಾರಾಯ್ತಿ, ಎಂದೆ,
ಇಲ್ಲೇ.