ಎರಡು ಗೆರೆ

ಮಡಿಕೇರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ
ಹಾಳೆಯ ಮೇಲೆ ನನ್ನ ಮನೆತನ ಬರೆದಳು.
ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ,
ಮದುವೆಗೆ ಒಂದು ಗೆರೆ.
ನನಗೂ ಬೆಳ್ಯಪ್ಪನಿಗೂ ನಡುವೆ ಬಂದಾಗ
ಪೆನ್ನು ತಡೆದು ಎರಡು ಗೆರೆ ಎಳೆದಳು.
“ಸೋದರಮಾವನ ಮಗನಾ?”
ಹೌದು. ಅವ್ವನಿಗೂ ಎರಡು. ಅಜ್ಜಿಗೂ ಎರಡು.
ಹಾಳೆಯ ತುಂಬ ನಮ್ಮೂರಿಗಿಲ್ಲದ ಜೋಡಿ ರಸ್ತೆ.

ಕಿವಿ ಕೇಳದವರಿಗೆ ಮಸಿ ತುಂಬುತ್ತ ಹೋದಳು:
ದೊಡ್ಡಜ್ಜಿ ಮುದ್ದವ್ವ, ಮೈದುನ ಚಿಣ್ಣಪ್ಪ,
ಕೊನೆಗೆ ಅಂಚಿನಲ್ಲಿ ನನ್ನ ಸಣ್ಣವಳು.

ನಮ್ಮದು ತಿಟ್ಟು. ಕಾವೇರಿ ಎರಡಾಗಿ ಸೀಳಿ
ಮತ್ತೆ ಒಂದಾಗುವಲ್ಲಿ ಒಂಬತ್ತು ಮನೆ.
ಕಕ್ಕಡದಲ್ಲಿ ದೋಣಿ ಇಳಿಸುವ ಹಾಗಿಲ್ಲ.
ಗದ್ದೆ ಹೋಳಾಗಬಾರದು, ಕಳ್ಳುಬಳ್ಳಿ ಕಡಿಯಬಾರದು,
ಬಾಣಂತನಕ್ಕೆ ಹೊಳೆ ದಾಟಬಾರದು.
ಮದುವೆಯಾಗಿ ನಾನು ನಡೆದದ್ದು ನೂರ ನಲವತ್ತು ಹೆಜ್ಜೆ.
ಅತ್ತೆಯನ್ನು ಅತ್ತೆ ಎನ್ನಲು
ಹೊಸದಾಗಿ ಕಲಿಯಬೇಕಿರಲಿಲ್ಲ.

ಅಜ್ಜ ಕುಶಾಲಪ್ಪ ಮೂರು ವರ್ಷಕ್ಕೊಮ್ಮೆ
ಮೂಟೆ ಹೊತ್ತು ಆಚೆ ದಡಕ್ಕೆ ಹೋಗುತ್ತಿದ್ದ.
ಅದೇ ಗದ್ದೆಯ ಭತ್ತ ಅದೇ ಗದ್ದೆಗೆ ಬಿದ್ದರೆ
ತೆನೆ ಜೊಳ್ಳು, ಎನ್ನುತ್ತಿದ್ದ.
ಬೆದೆಗೆ ಬಂದ ಹಸುವನ್ನೂ ಈಜಿಸಿ ಹೊಡೆದುಕೊಂಡು ಹೋದವನು.
ನಮ್ಮ ವಿಷಯ ಮಾತ್ರ
ಅವನಿಗೆ ಹೊಳೆಯಲಿಲ್ಲವೋ, ಹೊಳೆ ಬಿಡಲಿಲ್ಲವೋ.

ಹುತ್ತರಿಯ ರಾತ್ರಿ, ಕದಿರು ಕೊಯ್ಯುವಾಗ,
ತೊಟ್ಟಿಲಿಗೆ ನಾಲ್ಕು ಮಾರು ದೂರದಲ್ಲಿ ಕೋವಿ ಹಾರಿತು.
ನಾಯಿ ಮಂಚದಡಿ ನುಸುಳಿತು. ದೊಡ್ಡವಳು ಚೀರಿದಳು.
ಇವಳು ಬೆರಳು ಚೀಪುತ್ತ ನಿದ್ದೆ.
“ಪುಣ್ಯವಂತೆ, ಎಂಥ ನಿದ್ದೆ!” ಎಂದರು ಎಲ್ಲರೂ.
ನಾನೊಬ್ಬಳೇ ಚಪ್ಪಾಳೆ ತಟ್ಟಿದೆ, ತಟ್ಟೆ ಬಡಿದೆ,
ಬೆಳಗಿನವರೆಗೆ.

ಬೇರೆ ಕಡೆಯವರ ಹಾಗೆ ನಾವು ಮರುಗುವುದಿಲ್ಲ.
ತಿಟ್ಟಿನಲ್ಲಿ ಎಲ್ಲರ ಕೈಗೂ ಮಾತು ಬರುತ್ತದೆ,
ಮುದ್ದವ್ವಜ್ಜಿ ಕಲಿಸಿಟ್ಟದ್ದು.
ದೋಣಿಯ ಎರಡು ತುದಿಯಲ್ಲಿ ಕೂತು
ಮಳೆಯ ಸದ್ದಿನ ಮೇಲೆಯೇ ಜಗಳಾಡಬಲ್ಲೆವು.

ನಾಲ್ಕರಲ್ಲಿ ಒಂದು, ಎಂದಿದ್ದಳು ಡಾಕ್ಟರಮ್ಮ,
ಮೂರು ಚೆನ್ನಾಗಿಯೇ ಇರಬಹುದು ಎಂದೂ.
ನಾಳೆ ಅಣ್ಣ ಬರುತ್ತಾನೆ,
ದೊಡ್ಡವಳನ್ನು ತನ್ನ ಮಗನಿಗೆ ಕೇಳಲು.
ಒಳ್ಳೆಯ ಹುಡುಗ. ನನ್ನದೇ ಮೂಗು.
ಬೆಲ್ಲದ ಕಾಫಿ ಕೊಟ್ಟು ಕೇಳಬೇಕೆಂದಿದ್ದೇನೆ:
ಅಣ್ಣಾ, ಬಿತ್ತನೆಗೆ ಎಲ್ಲಿಯ ಭತ್ತ ತರಿಸಿದ್ದೀ ಈ ಸಲ?

ಸಣ್ಣವಳು ನನ್ನ ಮುಖ ನೋಡಿ
ಏನಾಯಿತು ಎನ್ನುತ್ತಾಳೆ, ಅಂಗೈ ಮಗುಚಿ.
ರಕ್ತ, ಎಂದು ಹೇಳಹೊರಟು ನಿಂತೆ.
ನಮ್ಮ ತಿಟ್ಟಿನಲ್ಲಿ ಅದಕ್ಕೂ
‘ನಮ್ಮವರು’ ಎಂಬುದಕ್ಕೂ ಒಂದೇ ಸನ್ನೆ,
ಎರಡು ಬೆರಳು ಮಣಿಕಟ್ಟಿನ ಮೇಲೆ.
ಇಟ್ಟೆ.
ಅವಳು ನಕ್ಕು, ಹೊಳೆಯ ಕಡೆ ಓಡಿದಳು,
ಯಾರು ಬಂದರೆಂದು ನೋಡಲು.