ಎರಡು ನೂಲು

ಮಂಡಗದ್ದೆ ದಾಟುವಷ್ಟರಲ್ಲಿ
ಕಿರುಬೆರಳು, ಅದರ ಪಕ್ಕದ್ದು,
ಎರಡೂ ನನ್ನವಲ್ಲ.
ಚಹಾದಂಗಡಿಯಲ್ಲಿ ಚಿಲ್ಲರೆ ಎಣಿಸಿದರೆ
ನಾಣ್ಯ ಬಿದ್ದದ್ದು
ಸದ್ದಾದ ಮೇಲೆ ತಿಳಿಯಿತು.

ಹೊಸ ಗ್ರಿಪ್ ಹಾಕಿಸಿದೆ. ಜೆಲ್ ಗ್ಲೌಸು.
ಜೋಮು ಜೋಮೇ.

ದುರ್ಗಿಗುಡಿಯ ಲಾರೆನ್ಸಣ್ಣ ಹ್ಯಾಂಡಲ್ ಮುಟ್ಟಲೇ ಇಲ್ಲ.
‘ಹತ್ತು’ ಎಂದ. ಗೋಡೆ ಹಿಡಿದು ಹತ್ತಿದೆ.
ಬೀಡಿ ಮುಗಿಯುವವರೆಗೂ ಪಕ್ಕದಿಂದ ನೋಡಿದ.
‘ಸೀಟಿನ ಮೂತಿ ತಗ್ಗಿದೆ ಮಾರಾಯ್ತಿ,
ಜಾರಿ ಜಾರಿ ಮೈಯೆಲ್ಲ ಅಂಗೈ ಮೇಲೆ.
ಕೂತಿದ್ದೇ ಸರಿಯಿಲ್ಲ, ಕೈಗೆ ಯಾಕೆ ಬೈತೀಯ?’

ಅಲೆನ್ ಕೀ. ಎರಡು ನೂಲು ಮೇಲೆ.
ಬ್ರೇಕಿನ ಲಿವರ್ ಚೂರು ತಿರುವಿದ.
ದುಡ್ಡು ಬೇಡವೆಂದ; ಗ್ಲೌಸು ಇಸ್ಕೊಂಡ.

ಭಾನುವಾರ, ಮಂಡಗದ್ದೆಯಾಚೆ,
ದಾರಿಗಡ್ಡದ ಕೊಂಬೆ ಸರಿಸುವಾಗ
ಕಿರುಬೆರಳಿಗೆ ಚಗಳಿ ಕಚ್ಚಿತು.
ಅಯ್ಯಮ್ಮ, ಎಂಥ ಉರಿ!
ಇಳಿದು ನಿಂತು
ಬೆರಳು ಚೀಪಿದೆ. ಹುಳಿ.